ಅಳದ ಮಗು

ಜುಲೈ ತಿಂಗಳ ಒಂದು ಬೆಳಿಗ್ಗೆ, ಕೊಡಗಿನ ಸುಂಟಿಕೊಪ್ಪದ ಕಡೆಯ ಒಂದು ಅಂಗನವಾಡಿ. ಮಳೆ ಹಿಡಿದು ಮೂರು ದಿನ ಆಗಿತ್ತು. ಗೋಡೆಗೆಲ್ಲ ತೇವ, ಬಾಗಿಲ ಪಕ್ಕ ಪುಟ್ಟ ಕೊಡೆಗಳ ರಾಶಿ. ಒಬ್ಬಳು ಹುಡುಗಿ ಕಿಟಕಿಯ ಸರಳು ಹಿಡಿದುಕೊಂಡು "ಅವ್ವಾ" ಎಂದು ತೋಟಕ್ಕೆಲ್ಲ ಕೇಳುವ ಹಾಗೆ ಅಳುತ್ತಿದ್ದಳು. ಸಹಾಯಕಿ ಅವಳನ್ನು ಎತ್ತಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದರು. ಮೂಲೆಯಲ್ಲಿ ಇನ್ನೊಬ್ಬ ಕೂತಿದ್ದ. ಮೂರು ವರ್ಷ ದಾಟಿರಬಹುದು. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಗ. ಜರ್ಕಿನ್ ಬಿಚ್ಚಿರಲಿಲ್ಲ. ಎದುರಿಗಿದ್ದ ಬಣ್ಣದ ಬ್ಲಾಕ್‌ಗಳನ್ನು ಮುಟ್ಟಿರಲಿಲ್ಲ.

"ಇವನನ್ನ ನೋಡಿ ಅಕ್ಕ, ಎಷ್ಟು ಒಳ್ಳೆ ಮಗು," ಎಂದರು ಟೀಚರ್. "ಸೇರಿ ಹದಿನೈದು ದಿನ ಆಯ್ತು. ಒಂದು ದಿನ ಅತ್ತಿಲ್ಲ."

ನಾನೂ ಹೌದು ಹೌದು ಎಂದು ತಲೆ ಆಡಿಸಿದೆ. ಟೀಚರ್ ನಮ್ಮ ಪಕ್ಕದ ಮನೆಯವರು. ಮಕ್ಕಳಿಗೆ ಕತೆ ಹೇಳಲು ಆಗಾಗ ಅಲ್ಲಿಗೆ ಹೋಗುತ್ತೇನೆ. ಮನೆಗೆ ಬಂದ ಮೇಲೆ ಆ ಜರ್ಕಿನ್ ತಲೆಯಿಂದ ಹೋಗಲೇ ಇಲ್ಲ. ಅಷ್ಟು ಹೊತ್ತು ಒಳಗಿದ್ದೂ ಯಾಕೆ ಬಿಚ್ಚಲಿಲ್ಲ? ಬಸ್ಸಿಗೆ ಕಾಯುವವರು ಬ್ಯಾಗು ಕೆಳಗಿಡದೆ ಕೂರುತ್ತಾರಲ್ಲ, ಹಾಗೆ ಕೂತಿದ್ದ ಅವನು.

ಪುಟ್ಟ ಮಕ್ಕಳ ಮಾನಸಿಕ ಆರೋಗ್ಯ ಎಂದರೆ ನಮ್ಮಲ್ಲಿ ಬಹಳ ಜನ ನಗುತ್ತಾರೆ. ಮೂರು ವರ್ಷದ ಮಗುವಿಗೆ ಎಂಥ ಚಿಂತೆ, ಸಾಲವೇ, ಮದುವೆಯೇ? ಆದರೆ ಇಲ್ಲಿ ಮಾತು ಚಿಂತೆಯದ್ದಲ್ಲ. ಆ ವಯಸ್ಸಿನಲ್ಲಿ ಮನಸ್ಸು ಚೆನ್ನಾಗಿದೆ ಎನ್ನುವುದಕ್ಕೆ ಮೂರು ಗುರುತು ಸಾಕು. ಮಗು ಯಾರನ್ನಾದರೂ ನಂಬಿ ಹಚ್ಚಿಕೊಂಡಿದೆಯೇ? ಸಿಟ್ಟು, ಭಯ, ಖುಷಿ ಬಂದಾಗ ಅದನ್ನು ಹೊರಗೆ ಹಾಕಿ, ಯಾರದೋ ಮಡಿಲಲ್ಲಿ ಮತ್ತೆ ಸಮಾಧಾನಕ್ಕೆ ಬರುತ್ತದೆಯೇ? ಸುತ್ತ ಇರುವುದನ್ನು ಮುಟ್ಟಿ, ಎಳೆದು, ಬೀಳಿಸಿ ನೋಡುವ ಧೈರ್ಯ ಇದೆಯೇ? ಕಿಟಕಿ ಹಿಡಿದು ಅಳುತ್ತಿದ್ದವಳಿಗೆ ಇವುಗಳಲ್ಲಿ ಎರಡಾದರೂ ಇದ್ದವು. ಅವಳಿಗೆ ಅವ್ವ ಬೇಕಿತ್ತು, ಅದನ್ನು ಕೂಗಿ ಹೇಳುತ್ತಿದ್ದಳು, ಎತ್ತಿಕೊಂಡವರ ಭುಜಕ್ಕೆ ತಲೆ ಆನಿಸಿದ್ದಳು. ಮೂಲೆಯಲ್ಲಿದ್ದವನಲ್ಲಿ ನನಗೆ ಒಂದೂ ಕಾಣಲಿಲ್ಲ.

ಇದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಿದ್ದು ಜೇಮ್ಸ್ ರಾಬರ್ಟ್‌ಸನ್ ಎಂಬವರು. ಆಗ ಇಂಗ್ಲೆಂಡಿನ ಹೆಚ್ಚಿನ ಆಸ್ಪತ್ರೆಗಳಲ್ಲಿ ಮಕ್ಕಳ ಜತೆ ತಾಯಿ ಉಳಿಯುವಂತಿರಲಿಲ್ಲ. ನೋಡಲು ಬಂದರೆ ಮಗು ಅಳುತ್ತದೆ, ಬರದಿದ್ದರೆ ಬೇಗ ಹೊಂದಿಕೊಳ್ಳುತ್ತದೆ ಎಂದು ಡಾಕ್ಟರು, ನರ್ಸುಗಳು ನಂಬಿದ್ದರು. ರಾಬರ್ಟ್‌ಸನ್ ಎರಡು ವರ್ಷದ ಒಂದು ಹುಡುಗಿ ಆಸ್ಪತ್ರೆಯಲ್ಲಿ ಕಳೆದ ಎಂಟು ದಿನವನ್ನು ಕ್ಯಾಮೆರಾದಲ್ಲಿ ಹಿಡಿದು, 1952ರಲ್ಲಿ ಡಾಕ್ಟರುಗಳ ಮುಂದೆ ತೋರಿಸಿದರು. ಕೆಲವರು ಸಿಟ್ಟಾದರು. ರಾಬರ್ಟ್‌ಸನ್ನರೂ ಮನೋವೈದ್ಯ ಜಾನ್ ಬೌಲ್ಬಿಯೂ ಸೇರಿ ಹೇಳಿದ್ದು ಇಷ್ಟು: ತಾಯಿಯಿಂದ ದೂರವಾದ ಮಗು ಮೊದಲು ಪ್ರತಿಭಟಿಸುತ್ತದೆ, ಅಂದರೆ ಅಳು, ಕಿರುಚಾಟ. ಯಾರೂ ಬರದಿದ್ದರೆ ಆಸೆ ಬಿಟ್ಟು ಸೊರಗುತ್ತದೆ. ಕೊನೆಗೆ ಎಲ್ಲ ಸರಿಹೋದ ಹಾಗೆ, ಕೊಟ್ಟದ್ದು ತಿಂದುಕೊಂಡು, ಯಾರ ಹತ್ತಿರ ಬೇಕಾದರೂ ಹೋಗುತ್ತದೆ. ನೋಡುವವರು "ಹೊಂದಿಕೊಂಡಿತು" ಎನ್ನುತ್ತಾರೆ. ನಿಜವಾಗಿ ಅದು ಕೇಳುವುದನ್ನು ನಿಲ್ಲಿಸಿರುತ್ತದೆ, ಅಷ್ಟೇ.

ಅಂಗನವಾಡಿ ಆಸ್ಪತ್ರೆಯಲ್ಲ. ಸಂಜೆಯೊಳಗೆ ಅಮ್ಮ ಬರುತ್ತಾಳೆ. ಎಲ್ಲ ಮಗುವಿಗೂ ಹೀಗೆ ಆಗುತ್ತದೆ ಎಂದು ಹೆದರಿಸುವುದಕ್ಕೆ ನಾನಿದನ್ನು ಹೇಳುತ್ತಿಲ್ಲ. ಆದರೆ ಸದ್ದಿಲ್ಲ ಎಂದರೆ ಸಮಾಧಾನ ಇದೆ ಎಂದೇ ಅರ್ಥವಲ್ಲ. ಬರ್ಲಿನ್ನಿನ ಶಿಶುಪಾಲನಾ ಕೇಂದ್ರಗಳಿಗೆ ಹೊಸದಾಗಿ ಸೇರಿದ 15 ತಿಂಗಳ 70 ಮಕ್ಕಳನ್ನು ಗಮನಿಸಿದ ಒಂದು ಅಧ್ಯಯನ 2004ರಲ್ಲಿ ಬಂತು. ಎಂಜಲಿನಲ್ಲಿ ಕಾರ್ಟಿಸಾಲ್ ಎಷ್ಟಿದೆ ಎಂದು ಅಳೆದರು. ಮೈ ಒತ್ತಡದಲ್ಲಿದ್ದಾಗ ಏರುವ ರಸ ಅದು. ತಾಯಿ ಬಿಟ್ಟುಹೋದ ಮೊದಲ ದಿನಗಳಲ್ಲಿ ಅದು ಚೆನ್ನಾಗಿ ಏರಿತು. ಐದು ತಿಂಗಳಾದ ಮೇಲೆ ಇಳಿದಿದ್ದರೂ ಮನೆಯಲ್ಲಿದ್ದಾಗಿಗಿಂತ ಜಾಸ್ತಿಯೇ ಇತ್ತು. ಅಳು ನಿಂತರೂ ಒಳಗಿನ ಓಟ ಅಷ್ಟು ಬೇಗ ನಿಲ್ಲುವುದಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ, ಅದನ್ನೇ ನಾನು ಹೆಚ್ಚು ನೆನಪಿಟ್ಟುಕೊಂಡಿರುವುದು. ಮೊದಮೊದಲು ತಾಯಿಯೂ ಜತೆಗೆ ಕೂತಿದ್ದ ದಿನಗಳಲ್ಲಿ, ಅವಳನ್ನು ಗಟ್ಟಿಯಾಗಿ ನಂಬಿದ್ದ ಮಕ್ಕಳ ಮೈಯಲ್ಲಿ ಈ ಏರಿಕೆ ಕಡಿಮೆಯಿತ್ತು.

ನಮ್ಮ ಅಂಗನವಾಡಿ ವ್ಯವಸ್ಥೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ಆಗಿನ ದೊಡ್ಡ ಶತ್ರು ಹಸಿವು. ಅದಕ್ಕೇ ಇವತ್ತಿಗೂ ಅಲ್ಲಿ ತೂಕ ನೋಡುವ ತಕ್ಕಡಿ ಇದೆ, ಎತ್ತರ ಅಳೆಯುವ ಪಟ್ಟಿ ಇದೆ, ಮೊಟ್ಟೆ, ಹಾಲಿನ ಲೆಕ್ಕ ಇದೆ. ಮನಸ್ಸಿಗೆ ತಕ್ಕಡಿ ಇಲ್ಲ. ಅದನ್ನು ನೋಡಬೇಕಾದ್ದು ಟೀಚರ ಕಣ್ಣು ಮಾತ್ರ. ಕೇಂದ್ರ ಸರ್ಕಾರ 2024ರಲ್ಲಿ ತಂದ 'ಆಧಾರಶಿಲಾ' ಎಂಬ ಪಠ್ಯಕ್ರಮ 3ರಿಂದ 6 ವರ್ಷದ ಮಕ್ಕಳದ್ದು. ಅದರಲ್ಲಿ ವರ್ಷದ 48 ವಾರಗಳಲ್ಲಿ ಮೊದಲ 4 ವಾರಗಳನ್ನು ಮಕ್ಕಳು ಹೊಸ ಜಾಗಕ್ಕೆ ಒಗ್ಗಿಕೊಳ್ಳಲೆಂದೇ ಬಿಟ್ಟಿದ್ದಾರೆ. ಓದುಬರಹ ಯಾವಾಗ ಶುರು ಎಂದು ಕೇಳುವ ಅಪ್ಪ ಅಮ್ಮಂದಿರಿಗೆ ಇದನ್ನು ಧಾರಾಳವಾಗಿ ತೋರಿಸಬಹುದು.

ಕೊಡಗಿನಲ್ಲಿ ಮಾತ್ರ ಈ 4 ವಾರದ ಲೆಕ್ಕ ಸುಲಭಕ್ಕೆ ಕೂರುವುದಿಲ್ಲ. ಮೇ ಕೊನೆಗೋ ಜೂನಿಗೋ ಸೇರಿದ ಮಗು ಒಗ್ಗುವಷ್ಟರಲ್ಲಿ ಮಳೆ ಹಿಡಿಯುತ್ತದೆ. ಮಳೆ ಜೋರಾದರೆ ಶಾಲೆ, ಅಂಗನವಾಡಿಗೆ ರಜೆ. ಎರಡು ದಿನ ತೆರೆದು ಮತ್ತೆ ಮೂರು ದಿನ ರಜೆ. ಅಮ್ಮನ ಬೆಚ್ಚನೆ ಹೊದಿಕೆಯೊಳಗೆ ನಾಲ್ಕು ದಿನ ಕಳೆದು ಬಂದ ಮಗುವಿಗೆ ಬಾಗಿಲು ಮತ್ತೆ ಹೊಸದು. "ಹೋದ ವಾರ ಚೆನ್ನಾಗಿತ್ತಲ್ಲ, ಈಗ ಯಾಕೆ ಹಟ" ಎಂದು ಬೈಯುತ್ತೇವೆ. ಅದು ಹಟ ಅಲ್ಲ. ಪ್ರತಿ ರಜೆಯ ಮಾರನೆ ದಿನ ಮೊದಲ ದಿನವೇ.

ಬಾಗಿಲಲ್ಲಿ ಏನು ಮಾಡಬೇಕು? ಇದಕ್ಕೆ ದುಡ್ಡು ಬೇಡ, ಸ್ವಲ್ಪ ತಾಳ್ಮೆ ಬೇಕು. ನಾವು ಮಾಡುವ ದೊಡ್ಡ ತಪ್ಪು ಕದ್ದು ಹೋಗುವುದು. ಮಗುವಿಗೆ ಆಟದ ಸಾಮಾನು ತೋರಿಸಿ, ಅದು ತಿರುಗಿದ ಕೂಡಲೇ ಜಾರಿಕೊಳ್ಳುತ್ತೇವೆ. ಅವತ್ತು ಅಳು ಕಡಿಮೆ ಆಗಬಹುದು. ಆದರೆ ಮಗು ಕಲಿತದ್ದೇನು? ನಾನು ಕಣ್ಣು ತಪ್ಪಿಸಿದರೆ ಅಮ್ಮ ಮಾಯ. ಮಾರನೆ ದಿನದಿಂದ ಅದು ಆಟಕ್ಕೇ ಕೂರುವುದಿಲ್ಲ, ಸೆರಗು ಬಿಡುವುದಿಲ್ಲ. ಹೇಳಿ ಹೋದರೆ ಅಳುತ್ತದೆ, ಅಳಲಿ. "ಊಟ ಆಗಿ, ಪಾತ್ರೆ ತೊಳೆದು, ಒಂದು ಹಾಡು ಹೇಳಿದ ಮೇಲೆ ಬರ್ತೀನಿ" ಎನ್ನಬೇಕು. ಮೂರು ವರ್ಷದವರಿಗೆ ಮಧ್ಯಾಹ್ನ ಮೂರು ಗಂಟೆ ಗೊತ್ತಿಲ್ಲ, ಊಟ ಗೊತ್ತು. ಹೇಳಿದ ಹೊತ್ತಿಗೆ ಬರಬೇಕು, ಅದು ಮುಖ್ಯ. ನಮ್ಮ ಟೀಚರ್ ಒಂದು ಒಳ್ಳೆ ಕೆಲಸ ಮಾಡುತ್ತಾರೆ. ಹೊಸ ಮಕ್ಕಳ ಅಮ್ಮಂದಿರು ತೋಟದಲ್ಲಿ ತಲೆಗೆ ಕಟ್ಟುವ ಬಟ್ಟೆಯಲ್ಲಿ ಹಳೆಯದೊಂದನ್ನು ತರಿಸಿಕೊಂಡು, ತೊಳೆಯದೆ ಹಾಗೇ ಮಗುವಿನ ಕೈಗೆ ಕೊಡುತ್ತಾರೆ. ಅಮ್ಮನ ವಾಸನೆ ಅದರಲ್ಲಿ ಇರುತ್ತದೆ. ಮಕ್ಕಳು ಒಂದು ಬಟ್ಟೆಯನ್ನೋ ಗೊಂಬೆಯನ್ನೋ ಹಿಡಿದೇ ಯಾಕೆ ಮಲಗುತ್ತಾರೆ ಎಂದು ಡೊನಾಲ್ಡ್ ವಿನ್ನಿಕಾಟ್ ಎಂಬ ಇಂಗ್ಲೆಂಡಿನ ಮಕ್ಕಳ ಡಾಕ್ಟರು 1953ರಲ್ಲೇ ವಿವರಿಸಿ ಬರೆದಿದ್ದರು. ಟೀಚರು ಅದನ್ನು ಓದಿರಲಿಕ್ಕಿಲ್ಲ. ಅವರಿಗೆ ಮಕ್ಕಳು ಗೊತ್ತು.

ಮಾತಿನ ವಿಷಯ

ಜರ್ಕಿನ್ ಹುಡುಗನ ಕತೆಯಲ್ಲಿ ಇನ್ನೊಂದು ಗಂಟು ಇತ್ತು. ಅವನಿಗೆ ಅಲ್ಲಿ ಆಡುವ ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ಕೊಡಗಿನ ಒಂದು ಅಂಗನವಾಡಿಯಲ್ಲಿ ಇಪ್ಪತ್ತು ಮಕ್ಕಳಿದ್ದರೆ ಐದಾರು ಭಾಷೆ ಇದ್ದರೂ ಆಶ್ಚರ್ಯ ಇಲ್ಲ. ಕೊಡವ ತಕ್ಕ್, ಅರೆಭಾಷೆ, ಯರವರ ಮಾತು, ಜೇನು ಕುರುಬರ ಮಾತು, ಮಲಯಾಳ, ತಮಿಳು, ತುಳು, ಈಗ ಅಸ್ಸಾಮಿ, ಬಂಗಾಳಿ. ಟೀಚರ್ ಹಾಡು ಹೇಳಿಸುವುದು ಕನ್ನಡದಲ್ಲಿ.

ಹೊಸ ಭಾಷೆಯ ಮಧ್ಯೆ ಬಿದ್ದ ಪುಟ್ಟ ಮಕ್ಕಳು ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಟ್ಟಲೆ ಮಾತೇ ಆಡದೆ ಇರಬಹುದು. ಇದು ರೋಗವಲ್ಲ. ಅವರು ಕೇಳಿಸಿಕೊಳ್ಳುತ್ತಿರುತ್ತಾರೆ. ಆದರೆ ಹೀಗೆ ಮೌನವಾಗಿ ಕಲಿಯುವ ಮಗು ಕಣ್ಣಲ್ಲಿ ಹಿಂಬಾಲಿಸುತ್ತದೆ, ಕೈ ತೋರಿಸಿ ಕೇಳುತ್ತದೆ, ಬೇರೆಯವರ ಪಕ್ಕ ಕೂತು ತನ್ನ ಆಟ ಆಡುತ್ತದೆ, ಮನೆಗೆ ಹೋದರೆ ಪಟಪಟ ಮಾತಾಡುತ್ತದೆ. ಮುದುಡಿ ಮೌನವಾದ ಮಗು ಆಟವನ್ನೂ ಬಿಟ್ಟಿರುತ್ತದೆ. ಮಾತು ಇಲ್ಲ ಎನ್ನುವುದಕ್ಕಿಂತ ಆಟ ಇದೆಯೇ ಎಂದು ನೋಡಬೇಕು. ವ್ಯತ್ಯಾಸ ಇರುವುದು ಅಲ್ಲೇ.

ಎರಡು ವರ್ಷ ಚಿಲ್ಲರೆಯ ಮಕ್ಕಳು ಕಚ್ಚುವುದೂ ಹೆಚ್ಚಾಗಿ ಇದೇ ಗಂಟಿನ ಇನ್ನೊಂದು ತುದಿ. "ನಂದು", "ಬೇಡ", "ಕೊಡು" ಎನ್ನುವ ಮಾತು ಬಾಯಿಗೆ ಬರದಾಗ ಹಲ್ಲು ಮುಂದೆ ಬರುತ್ತದೆ. ಕಚ್ಚಿದ ಮಗುವನ್ನು ರಾಕ್ಷಸ ಎಂದು ಕರೆದು ಮೂಲೆಗೆ ಕೂರಿಸಿದರೆ ಅದಕ್ಕೆ ಆ ಮೂರು ಮಾತು ಬಂದ ಹಾಗಾಗುವುದಿಲ್ಲ. ಕಚ್ಚಿಸಿಕೊಂಡವರನ್ನು ಮೊದಲು ಸಮಾಧಾನ ಮಾಡಿ, ಆಮೇಲೆ ಕಚ್ಚಿದವರ ಮಟ್ಟಕ್ಕೆ ಬಗ್ಗಿ, "ನಿನಗೆ ಚೆಂಡು ಬೇಕಿತ್ತು. ಸಿಟ್ಟು ಬಂತು. ಕಚ್ಚಿದರೆ ನೋವಾಗುತ್ತೆ. ಕೊಡು ಅನ್ನು" ಎಂದು ಹೇಳಿಕೊಡಬೇಕು. ದಿನಕ್ಕೆ ಹತ್ತು ಸಲ ಹೇಳಬೇಕಾಗುತ್ತದೆ, ಬೇಜಾರೂ ಆಗುತ್ತದೆ. ಆದರೂ ಸಿಟ್ಟಿಗೆ ಸಿಟ್ಟು ಎಂಬ ಹೆಸರಿದೆ ಎಂದು ಮಗುವಿಗೆ ಗೊತ್ತಾಗುವುದು ಹೀಗೇ.

ಟೀಚರ್ ಎಲ್ಲ ಭಾಷೆ ಕಲಿಯಬೇಕೇ? ಸಾಧ್ಯವಿಲ್ಲ. ಪ್ರತಿ ಮನೆಯಿಂದ ಐದು ಮಾತು ಸಾಕು: ನೀರು, ನೋವು, ಉಚ್ಚೆ, ಸಾಕು, ಅಮ್ಮ ಬರ್ತಾಳೆ. ಕೊಡವ ತಕ್ಕಿನಲ್ಲಿ ನೀರು ನೀರೇ, ಮಲಯಾಳದಲ್ಲಿ ವೆಳ್ಳಂ, ತಮಿಳಿನಲ್ಲಿ ತಣ್ಣಿ, ಅಸ್ಸಾಮಿನ ಮಗುವಿಗೆ ಪಾನಿ. ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಸಹಾಯಕಿಗೂ ಅನುಕೂಲ. ತನ್ನ ಮನೆಯ ಮಾತು ಈ ಹೊಸ ಗೋಡೆಗಳ ನಡುವೆ ಕಿವಿಗೆ ಬಿದ್ದರೆ ಮಗುವಿನ ಭುಜ ಸ್ವಲ್ಪ ಕೆಳಗಿಳಿಯುವುದನ್ನು ನೀವೇ ನೋಡಬಹುದು.

ಮಳೆ, ಬರೆ, ಆನೆ

2018ರ ಆಗಸ್ಟ್ ನಮಗೆ ಯಾರಿಗೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಕಾಲೂರು. ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿದು ಮನೆ, ತೋಟ, ರಸ್ತೆ ಹೋದವು. ಮಾರನೆ ವರ್ಷ ತೋರ ಎಂಬ ಊರು, ಅದರ ಮಾರನೆ ವರ್ಷ ತಲಕಾವೇರಿಯ ಬ್ರಹ್ಮಗಿರಿ. ಇವತ್ತು ಅಂಗನವಾಡಿಗೆ ಬರುವ ಒಂದು ಮಗುವೂ ಆಗ ಹುಟ್ಟಿರಲಿಲ್ಲ. ಆದರೂ ಮಳೆ ಜೋರಾದ ರಾತ್ರಿ ಎದ್ದು ಕೂರುವ, ಬೆಳಿಗ್ಗೆ ಅಂಗನವಾಡಿಯಲ್ಲಿ ಕಿವಿ ಮುಚ್ಚಿಕೊಳ್ಳುವ ಮಕ್ಕಳಿದ್ದಾರೆ. ನೋಡದ ಗುಡ್ಡಕ್ಕೆ ಹೆದರುವುದು ಹೇಗೆ?

ನಮ್ಮ ಮುಖ ನೋಡಿ. ಅಮೆರಿಕದಲ್ಲಿ ಒಂದು ವರ್ಷದ ಮಕ್ಕಳ ಮೇಲೆ ಮಾಡಿದ ಒಂದು ಪ್ರಯೋಗ 1985ರಲ್ಲಿ ಪ್ರಕಟವಾಯಿತು. ಗಾಜಿನ ಮೇಜು, ಅರ್ಧಕ್ಕೆ ಬಂದಾಗ ಗಾಜಿನ ಕೆಳಗೆ ನೆಲ ತಗ್ಗಾದ ಹಾಗೆ ಕಾಣುತ್ತದೆ. ಆಚೆ ತುದಿಯಲ್ಲಿ ತಾಯಿ. ಅಂಬೆಗಾಲಿಟ್ಟು ಬಂದ ಮಗು ತಗ್ಗಿನ ಅಂಚಿಗೆ ನಿಂತು ತಾಯಿಯ ಮುಖ ನೋಡುತ್ತದೆ. ತಾಯಿ ನಗುತ್ತಿದ್ದರೆ 19 ಮಕ್ಕಳಲ್ಲಿ 14 ಮಕ್ಕಳು ದಾಟಿದವು. ತಾಯಿ ಹೆದರಿದ ಮುಖ ಮಾಡಿದಾಗ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ. ಒಂದು ಮಾತೂ ಆಡಿರಲಿಲ್ಲ ಅಮ್ಮಂದಿರು. ಈಗ ಯೋಚಿಸಿ, ಪ್ರತಿ ಸಲ ಮಳೆ ಬಿರುಸಾದಾಗ ಮನೆಯ ಹಿಂದಿನ ಬರೆಯನ್ನು ಟಾರ್ಚ್ ಹಾಕಿ ನೋಡುವ ಅಜ್ಜನ ಮುಖ, ಮೊಬೈಲಿನಲ್ಲಿ ಹಳೆ ವಿಡಿಯೋ ತಿರುಗಿಸಿ ನೋಡುವ ಅಪ್ಪನ ಮುಖ. ಮಗು ಅದನ್ನೆಲ್ಲ ಓದುತ್ತದೆ.

ಹಾಗಂತ ಭಯವೇ ಇಲ್ಲದ ಹಾಗೆ ನಟಿಸಬೇಕಿಲ್ಲ, ಮಕ್ಕಳು ನಟನೆಯನ್ನೂ ಹಿಡಿಯುತ್ತಾರೆ. "ನನಗೂ ಸ್ವಲ್ಪ ಭಯ ಆಗ್ತಿದೆ. ಜಾಸ್ತಿ ಆದ್ರೆ ನಾವೆಲ್ಲ ದೊಡ್ಡಪ್ಪನ ಮನೆಗೆ ಹೋಗೋಣ. ಬ್ಯಾಗ್ ರೆಡಿ ಇದೆ" ಎಂದರೆ ಸಾಕು. ಭಯದ ಜತೆಗೆ ಏನು ಮಾಡುತ್ತೇವೆ ಎನ್ನುವುದೂ ಇದ್ದರೆ ಅದು ಮಗುವಿನ ಕೈಗೆ ಸಿಗುವಷ್ಟು ಚಿಕ್ಕದಾಗುತ್ತದೆ. ಅಂಗನವಾಡಿಯಲ್ಲಿ ಮಕ್ಕಳು ಮಣ್ಣಿನ ಗುಡ್ಡೆ ಮಾಡಿ, ನೀರು ಸುರಿದು, ಮನೆ ಬೀಳಿಸುವ ಆಟ ಆಡಿದರೆ ಗದರಬೇಡಿ. ದೊಡ್ಡವರು ಕಟ್ಟೆ ಮೇಲೆ ಕೂತು ನೂರು ಸಲ ಹೇಳಿಕೊಳ್ಳುವುದನ್ನು ಅವರು ಆಡಿ ಹೇಳುತ್ತಾರೆ. ಆಟದಲ್ಲಿ ಯಾರಾದರೂ ಬಂದು ಕಾಪಾಡಿದರೆ, ಜೆಸಿಬಿ ಬಂದರೆ, ಮನೆ ಮತ್ತೆ ಎದ್ದರೆ ಒಳ್ಳೆಯದು. ದಿನವೂ ಅದೇ ಆಟ, ಅದೇ ಬೀಳುವುದು, ನಗು ಇಲ್ಲ, ಬೇರೆ ಕೊನೆ ಇಲ್ಲ ಎಂದಾದರೆ ಪಕ್ಕದಲ್ಲಿ ಕೂತು "ಈಗ ಯಾರು ಬರ್ತಾರೆ ಸಹಾಯಕ್ಕೆ?" ಎಂದು ಕೇಳಬೇಕು.

ಇನ್ನು ಆನೆ. ಸಿದ್ದಾಪುರ, ಮಾಲ್ದಾರೆ ಕಡೆ ಲೈನ್ ಮನೆಗಳ, ಅಂದರೆ ತೋಟದ ಕೆಲಸದವರ ಸಾಲುಮನೆಗಳ, ಮಕ್ಕಳಿಗೆ ಆನೆ ಚಿತ್ರದ ಪುಸ್ತಕದ್ದಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ನಿಲ್ಲುವ ಆನೆ. ಆ ಭಯ ನಿಜವಾದದ್ದು, ಇರಬೇಕಾದದ್ದು. ಅದನ್ನೇ ತಂದು "ಅನ್ನ ಉಣ್ಣದಿದ್ದರೆ ಆನೆ ಬರುತ್ತೆ" ಎನ್ನುತ್ತೇವಲ್ಲ, ಅದೊಂದನ್ನು ಬಿಡೋಣ. ಪೇಟೆಯ ಮಗುವಿಗೆ ಗುಮ್ಮ ತಮಾಷೆ ಆಗಬಹುದು. ಇಲ್ಲಿ ಆನೆ ನಿಜಕ್ಕೂ ಬರುತ್ತದೆ. ಬಂದ ದಿನ ಮಗು ತಾನು ಅನ್ನ ಬಿಟ್ಟದ್ದಕ್ಕೇ ಬಂತು ಎಂದುಕೊಳ್ಳುತ್ತದೆ. ಐದು ವರ್ಷದೊಳಗಿನವರು ಹೀಗೆ ಎಲ್ಲದಕ್ಕೂ ತಾವೇ ಕಾರಣ ಎಂದು ನಂಬುವುದು ಸಾಮಾನ್ಯ. ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆದರೂ ತನ್ನಿಂದಲೇ ಎಂದುಕೊಳ್ಳುತ್ತಾರೆ. ಅಂಥ ಮನೆಯಿಂದ ಬಂದ ಮಗುವಿಗೆ ಅಂಗನವಾಡಿಯಲ್ಲಿ ದಿನಾ ಒಂದೇ ಹೊತ್ತಿಗೆ ಊಟ, ಒಂದೇ ಹಾಡು, ಒಂದೇ ಚಾಪೆ ಎನ್ನುವುದು ಬೇಸರದ ಕೆಲಸವಲ್ಲ. ಮುಂದೆ ಏನಾಗುತ್ತದೆ ಎಂದು ಅದಕ್ಕೆ ಮೊದಲೇ ಗೊತ್ತಿರುವ ಜಾಗ ಅದೊಂದೇ ಇರಬಹುದು.

ಟೀಚರ ಮುಖ

ತಾಯಿಯ ಮುಖದಷ್ಟೇ ಟೀಚರ ಮುಖವನ್ನೂ ಮಕ್ಕಳು ಓದುತ್ತಾರೆ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರು ತಾಯಂದಿರಿಗೆ ಒಂದು ಕೆಲಸ ಹೇಳಿದರು. ಮಗುವಿನ ಜತೆ ಆಡುತ್ತಿದ್ದವರು ಕೆಲವು ನಿಮಿಷ ಮುಖದಲ್ಲಿ ಯಾವ ಭಾವನೆಯೂ ಇಲ್ಲದೆ ಸುಮ್ನೆ ನೋಡುತ್ತ ಕೂರಬೇಕು. ಮಗು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಏನೂ ನಡೆಯದಾಗ ಮುಖ ತಿರುಗಿಸಿ ಕುಗ್ಗುತ್ತದೆ. ಈಗ ಅಂಗನವಾಡಿ ನೆನೆಸಿಕೊಳ್ಳಿ. ಒಬ್ಬ ಟೀಚರ್, ಒಬ್ಬ ಸಹಾಯಕಿ. ತೂಕ, ಎತ್ತರ, ಹಾಜರಿ, ರೇಷನ್, ಎಲ್ಲವನ್ನೂ ಫೋನಿಗೆ ತುಂಬಬೇಕು. ನಮ್ಮ ಗುಡ್ಡಗಳಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಅಂಗಳದ ತುದಿಗೆ ಹೋಗಿ ನಿಲ್ಲಬೇಕು. ಫೋನು ನೋಡುವ ಮುಖ ಯಾರದ್ದಾದರೂ ಗೋಡೆಯ ಹಾಗೇ ಇರುತ್ತದೆ, ನನ್ನದೂ ಅಷ್ಟೇ. ಇದಕ್ಕೆ ಟೀಚರನ್ನು ಬೈದು ಪ್ರಯೋಜನ ಇಲ್ಲ. ಮಕ್ಕಳು ಇರುವ ಹೊತ್ತಿನಲ್ಲಿ ಫೋನಿನ ಕೆಲಸ ಆದಷ್ಟು ಕಡಿಮೆ ಬರುವ ಹಾಗೆ ಮಾಡುವುದು ಮೇಲಿನವರ ಕೈಯಲ್ಲಿದೆ. ಟೀಚರಿಂದ ಆಗುವುದು ಒಂದಿದೆ: ಮುಖ ಎತ್ತಿದಾಗ ಮಗುವಿನ ಕಡೆ ನೋಡಿ "ಬಂದೆ, ಈಗ ಬಂದೆ" ಎನ್ನುವುದು. ಕಡಿದ ದಾರ ಕೂಡಿಸುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ.

ಎಲ್ಲವೂ ಮಡಿಲಲ್ಲಿ ಸರಿಹೋಗುವುದಿಲ್ಲ. ಆಡುತ್ತಿದ್ದ ಮಾತು ನಿಂತುಹೋದರೆ, ಹೆಸರು ಕರೆದರೆ ತಿರುಗದಿದ್ದರೆ, ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸದಿದ್ದರೆ, ಮನೆಯಲ್ಲಿ ಚೆನ್ನಾಗಿ ಮಾತಾಡುವ, ಇಲ್ಲಿಯ ಭಾಷೆಯೂ ಗೊತ್ತಿರುವ ಮಗು ತಿಂಗಳುಗಟ್ಟಲೆ ಅಂಗನವಾಡಿಯಲ್ಲಿ ತುಟಿ ಬಿಚ್ಚದಿದ್ದರೆ, ತಿಂಗಳು ಕಳೆದರೂ ನಿದ್ದೆ, ಊಟ, ಆಟ ಮೂರೂ ಕೆಟ್ಟಿದ್ದರೆ ಡಾಕ್ಟರಿಗೆ ತೋರಿಸಬೇಕು. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕಿವಿ ಸರಿಯಾಗಿ ಕೇಳದ ಮಗುವನ್ನು ಮಂಕು ಎಂದು ಕರೆದದ್ದು ನಮ್ಮಲ್ಲಿ ಕಡಿಮೆಯೇನಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಡಾಕ್ಟರ ತಂಡ ಅಂಗನವಾಡಿಗಳಿಗೇ ಬಂದು ಮಕ್ಕಳನ್ನು ನೋಡುತ್ತದೆ. ಬೆಳವಣಿಗೆ ನಿಧಾನ ಆಗಿರುವುದೂ ಅವರು ನೋಡಬೇಕಾದ ಪಟ್ಟಿಯಲ್ಲಿದೆ, ಕೇಳಿ. ಮಡಿಕೇರಿಯ ದೊಡ್ಡಾಸ್ಪತ್ರೆ ಈಗ ಮೆಡಿಕಲ್ ಕಾಲೇಜಿನದು. ಬಸ್ಸು ಹತ್ತುವ ಮೊದಲು ಯಾರ ಜತೆಗಾದರೂ ಮಾತಾಡಬೇಕು ಎನಿಸಿದರೆ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಎನ್ನುವ ಈ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರಿನಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ವಿಷಯಕ್ಕೆ ಮಾತ್ರವಲ್ಲ, ಸುಸ್ತಾದ ಅಮ್ಮಂದಿರಿಗೂ ಟೀಚರುಗಳಿಗೂ.

ಜರ್ಕಿನ್ ಹುಡುಗನ ಅಮ್ಮನನ್ನು ಟೀಚರ್ ಒಂದು ಭಾನುವಾರ ಲೈನ್ ಮನೆಗೇ ಹೋಗಿ ನೋಡಿ ಬಂದರು. ಐದು ಮಾತು ಬರೆದುಕೊಂಡರು. ಮೇಸ್ತ್ರಿಯ ಹತ್ತಿರ ಕೇಳಿ, ಒಂದು ವಾರ ಬೆಳಿಗ್ಗೆ ಅರ್ಧ ಗಂಟೆ ಅವಳು ಅಂಗನವಾಡಿಯಲ್ಲಿ ಮಗನ ಜತೆ ಕೂರುವ ಹಾಗೆ ಮಾಡಿದರು. ಮೂರನೆ ದಿನ ಅವನು ಜರ್ಕಿನ್ ಬಿಚ್ಚಿ ಅಮ್ಮನ ಕೈಗೆ ಕೊಟ್ಟನಂತೆ.

ಸೆಪ್ಟೆಂಬರಿನ ಕೊಡವರ ಹಬ್ಬ ಕೈಲ್ ಪೊಳ್ದ್ ಕಳೆದ ಮೇಲೆ ನಾನು ಮತ್ತೆ ಹೋದೆ. ದೂರದಿಂದಲೇ ಅಳು ಕೇಳಿಸುತ್ತಿತ್ತು. ಅವನೇ. ಅಮ್ಮನ ಸೆರಗು ಎರಡೂ ಕೈಯಲ್ಲಿ ಹಿಡಿದು, ಚಪ್ಪಲಿ ಒಂದು ಕಡೆ, ಅವನು ಒಂದು ಕಡೆ, ರಸ್ತೆಗೆಲ್ಲ ಕೇಳುವ ಹಾಗೆ ಅರಚುತ್ತಿದ್ದ. ಟೀಚರ್ ಅವನನ್ನು ಎತ್ತಿಕೊಂಡರು. ಅವನು ಎರಡೇಟು ಹೊಡೆದು, ಆಮೇಲೆ ಅವರ ಕುತ್ತಿಗೆಗೆ ಮುಖ ಹುದುಗಿಸಿದ.

"ಎರಡು ವಾರದಿಂದ ದಿನಾ ಇದೇ ಗಲಾಟೆ ಅಕ್ಕ," ಎಂದರು. ಅವರ ಮುಖದಲ್ಲಿ ನಗು ಇತ್ತು.